ಉಣ್ಣೆ, ಒಸಡು ಮತ್ತು ಹರಳುಬೀಜ

ಹೋದ ಬೇಸಿಗೆಯಲ್ಲಿ ಸೆಲ್ ಬದಲಿಸಲೆಂದು ನಡುಮನೆಯ ಗೋಡೆ ಗಡಿಯಾರ ಕೆಳಗಿಳಿಸಿದೆ. ಅದರ ಹಿಂದೆ ಎಂಟು ಉಣ್ಣೆಗಳು ಒತ್ತೊತ್ತಾಗಿ ಕೂತಿದ್ದವು. ಕೆಲವು ಕಡೆ ಇದನ್ನೇ ಉಣುಗು ಅಂತಾರೆ. ನೆಲದಿಂದ ಆರಡಿ ಎತ್ತರ, ನಮ್ಮ ನಾಯಿ ಕೆಂಚ ನೆಗೆದರೂ ಮೂತಿ ತಾಗದ ಜಾಗ. ಆ ವಾರ ಕೆಂಚ ಊಟದ ತಟ್ಟೆಯನ್ನು ಮೂಸಿ ಸುಮ್ಮನೆ ಮಲಗಿಬಿಡುತ್ತಿದ್ದ. ಅಮ್ಮ ಅವನ ಮೂಗು ಮುಟ್ಟಿ ನೋಡಿ, "ತಣ್ಣಗೇ ಇದೆಯಲ್ಲೋ, ಬಿಸಿಲಿಗೆ ಹಂಗಾಗಿದೆ, ಏನೂ ಇಲ್ಲ ಬಿಡು" ಎಂದಿದ್ದರು. ಗಡಿಯಾರದ ಹಿಂದಿನ ಸಾಲು ಕಂಡ ಮೇಲೆ ನಾನು ಅವನ ಮೇಲ್ದುಟಿ ಎತ್ತಿದೆ. ಗುಲಾಬಿ ಬಣ್ಣ ಇರಬೇಕಾದ ಒಸಡು ಮಾಸಿದ ಪಂಚೆಯ ಬಣ್ಣಕ್ಕೆ ತಿರುಗಿತ್ತು. ಕೋರೆಹಲ್ಲಿನ ಬುಡದಲ್ಲಿ ಗುಂಡುಸೂಜಿಯ ಮೊನೆಯಷ್ಟು ಸಣ್ಣ ನಾಲ್ಕೈದು ಕೆಂಪು ಚುಕ್ಕಿಗಳು. ಅದೇ ಸಂಜೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಸೋರದಂತೆ ತಡೆಯುವ ಸಣ್ಣ ಕಣಗಳು, 32 ಸಾವಿರ ಬಂತು. ಆರೋಗ್ಯವಂತ ನಾಯಿಗೆ 2 ಲಕ್ಷದ ಮೇಲಿರಬೇಕು.

ಮೊದಲು ಮೂಗಿನ ವಿಚಾರ ಮುಗಿಸಿಬಿಡುತ್ತೇನೆ, ಏಕೆಂದರೆ ಈ ಒಂದು ನಂಬಿಕೆಯಿಂದ ಎಷ್ಟೋ ನಾಯಿಗಳು ಎರಡು ಮೂರು ದಿನ ತಡವಾಗಿ ಡಾಕ್ಟರ ಮೇಜು ಹತ್ತುತ್ತವೆ. ನಾಯಿ ಮೂಗು ನೆಕ್ಕಿಕೊಂಡರೆ ಒದ್ದೆ, ಹೊದಿಕೆಯ ಮೇಲೆ ಮಲಗಿ ಎದ್ದರೆ ಒಣ. ಜ್ವರವಿದ್ದಾಗಲೂ ಮೂಗು ತಣ್ಣಗಿರಬಹುದು. ತಣ್ಣಗಿರುವುದಕ್ಕೆ ಬೇರೆಯದೇ ಕಾರಣವೂ ಇರುವಂತಿದೆ. 2020ರಲ್ಲಿ ಸ್ವೀಡನ್ ಮತ್ತು ಹಂಗೇರಿಯ ವಿಜ್ಞಾನಿಗಳು, ನಾಯಿಯ ಮೂಗಿನ ತುದಿ ದೂರದ ವಸ್ತುವಿನಿಂದ ಹೊಮ್ಮುವ ಅತಿ ಸಣ್ಣ ಶಾಖವನ್ನೂ ಗುರುತಿಸುತ್ತದೆ ಎಂದು ತೋರಿಸಿದರು. ಇಷ್ಟು ಸೊಗಸಾದ ಇಂದ್ರಿಯವನ್ನು ನಾವು ಜ್ವರ ನೋಡುವ ಕಡ್ಡಿ ಮಾಡಿಕೊಂಡಿದ್ದೇವೆ! ಜ್ವರ ನೋಡಬೇಕೆಂದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅಂಕಿ ತೋರಿಸುವ ಡಿಜಿಟಲ್ ಥರ್ಮಾಮೀಟರಿನ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲೇ ಇಡಬೇಕು. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ನಮ್ಮ 98.6ರ ಲೆಕ್ಕ ಅದಕ್ಕೆ ಸಲ್ಲದು. 103 ದಾಟಿತೆಂದರೆ ಜ್ವರ.

ಈಗ ಉಣ್ಣೆಗೆ ಬರೋಣ. ಕೆಚ್ಚಲಲ್ಲಿದ್ದೂ ಹಾಲಿನ ರುಚಿ ಅರಿಯದ ಉಣ್ಣೆಯ ಮಾತು ನಮ್ಮಲ್ಲಿ ಬಹಳ ಹಳೆಯದು. ಉಣ್ಣೆಗೆ ಬೇಕಾದದ್ದು ರಕ್ತ ಮಾತ್ರ ಎಂಬುದನ್ನು ದನ ಕಟ್ಟಿದವರು ಯಾವತ್ತೋ ಕಂಡುಕೊಂಡಿದ್ದರು. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆಯನ್ನು ಅಂಗೈ ಮೇಲಿಟ್ಟು ನೋಡಿ: ಬೂದು ಬಣ್ಣ, ನುಣುಪು ಮೈ, ಒಂದು ತುದಿಯಲ್ಲಿ ಚಿಕ್ಕ ಉಬ್ಬು. ಬಯಲುಸೀಮೆಯವರಿಗೆ ಅದು ತಟ್ಟನೆ ಔಡಲದ ಹರಳಿನಂತೆ ಕಾಣುತ್ತದೆ. ರೋಮನ್ನರಿಗೂ ಹಾಗೇ ಕಂಡಿತ್ತು. ಲ್ಯಾಟಿನ್ನಿನಲ್ಲಿ 'ರಿಸಿನಸ್' ಎಂದರೆ ಉಣ್ಣೆ. ಬೀಜ ಉಣ್ಣೆಯಂತಿದೆ ಎಂದು ಗಿಡಕ್ಕೆ ಅದೇ ಹೆಸರಿಟ್ಟರು, ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅದನ್ನೇ 'ರಿಸಿನಸ್ ಕಮ್ಯುನಿಸ್' ಎಂದು ಶಾಸ್ತ್ರೀಯ ಹೆಸರಾಗಿಸಿದ. ನಮ್ಮ ಅಡುಗೆಮನೆಯ ಹರಳೆಣ್ಣೆ ಸೀಸೆಯ ಹಿಂದೆ ಒಂದು ಉಣ್ಣೆ ಕೂತಿದೆ ಎಂದು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹಸಿದ ಉಣ್ಣೆ ಎಳ್ಳಿನಷ್ಟು ಚಪ್ಪಟೆ. ಅದು ಇಷ್ಟು ದಪ್ಪವಾಗುವುದು ಹೇಗೆ ಎನ್ನುವುದರಲ್ಲೇ ಕಾಯಿಲೆ ಹರಡುವ ಗುಟ್ಟೆಲ್ಲ ಇದೆ. ಸೊಳ್ಳೆಯದು ಬಂದ ಪುಟ್ಟ ಹೋದ ಪುಟ್ಟ ವ್ಯವಹಾರ. ಉಣ್ಣೆ ಹಾಗಲ್ಲ, ಬಿಡಾರ ಹೂಡುತ್ತದೆ. ಚರ್ಮವನ್ನು ಕತ್ತರಿಸಿ, ಹಿಮ್ಮುಖ ಮುಳ್ಳುಗಳಿರುವ ಕೊಂಡಿಯೊಂದನ್ನು ಒಳಗೆ ತಳ್ಳುತ್ತದೆ. ಮೀನಿನ ಗಾಳ ಒಳಗೆ ಹೋದಷ್ಟು ಸಲೀಸಾಗಿ ಹೊರಗೆ ಬರುವುದಿಲ್ಲವಲ್ಲ, ಹಾಗೆ. ಅದೂ ಸಾಲದೆಂದು ಎಂಜಲಿನಿಂದಲೇ ಅಂಟೊಂದನ್ನು ಸುರಿದು ಸುತ್ತಲೂ ಗಟ್ಟಿ ಮಾಡುತ್ತದೆ, ಗೋಡೆಗೆ ಕೊಕ್ಕೆ ಹೊಡೆದ ಮೇಲೆ ಗಾರೆಯವನು ಸಿಮೆಂಟು ಮೆತ್ತುವಂತೆ. ನೋವು ತಿಳಿಯದಂತೆ ಮಾಡುವ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳೂ ಅದೇ ಎಂಜಲಿನಲ್ಲಿರುತ್ತವೆ.

ಆಮೇಲೆ ಶುರುವಾಗುವುದೇ ನನ್ನನ್ನು ಮರುಳು ಮಾಡಿರುವ ಕೆಲಸ. ರಕ್ತದಲ್ಲಿ ಬಹುಪಾಲು ನೀರು. ಮೊಟ್ಟೆ ಇಡಲು ಉಣ್ಣೆಗೆ ಬೇಕಾದದ್ದು ಅದರ ಸತ್ವ, ನೀರು ಬರೀ ಭಾರ. ಮಂಡ್ಯದ ಆಲೆಮನೆ ನೋಡಿದ್ದೀರಾ? ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಕುದ್ದು ಕುದ್ದು, ನೀರೆಲ್ಲ ಆವಿಯಾಗಿ ಕೊನೆಗೆ ಬೆಲ್ಲದ ಪಾಕ ಉಳಿಯುತ್ತದೆ. ಉಣ್ಣೆಯ ಹೊಟ್ಟೆಯೂ ಆಲೆಮನೆಯೇ, ಆದರೆ ಅಲ್ಲಿ ಒಲೆ ಇಲ್ಲ, ಆವಿ ಹೋಗಲು ದಾರಿಯೂ ಇಲ್ಲ. ಹಾಗಾದರೆ ನೀರು ಹೋಗುವುದೆಲ್ಲಿಗೆ? ಬಂದಲ್ಲಿಗೇ! ಉಣ್ಣೆ ಒಂದಷ್ಟು ಹೀರುತ್ತದೆ, ನೀರನ್ನು ಬೇರ್ಪಡಿಸಿ ಎಂಜಲಾಗಿ ನಾಯಿಯ ಮೈಯೊಳಕ್ಕೇ ಉಗುಳುತ್ತದೆ, ಮತ್ತೆ ಹೀರುತ್ತದೆ. ಹಳೆಯ ಕೈಪಂಪಿಗೆ ಮೇಲಿನಿಂದ ಒಂದು ಚೊಂಬು ನೀರು ಹೊಯ್ದು ಕೆಳಗಿನಿಂದ ಎತ್ತುವವರ ಕೆಲಸದಂತೆ ಇದು ದಿನಗಟ್ಟಲೆ ನಡೆಯುತ್ತದೆ. ಉಣ್ಣೆ ಕಚ್ಚುತ್ತದೆ ಎನ್ನುವ ಮಾತು ನನ್ನ ಕಿವಿಗೆ ತೀರಾ ಸಪ್ಪೆ. ಅದು ನಾಯಿಗೆ ಬಿಡದೆ ಚುಚ್ಚುಮದ್ದು ಕೊಡುತ್ತಿರುತ್ತದೆ, ತನ್ನೊಳಗೆ ರೋಗಾಣುವಿದ್ದರೆ ಅದನ್ನೂ ಸೇರಿಸಿ.

ಹಾಗೆ ಸೇರಿಕೊಳ್ಳುವವರಲ್ಲಿ ಮುಖ್ಯರು ಇಬ್ಬರು. ಒಂದು ಬ್ಯಾಕ್ಟೀರಿಯಾ, ಎರ್ಲಿಕಿಯಾ ಕ್ಯಾನಿಸ್. ಇನ್ನೊಂದು ಮಲೇರಿಯಾದ ಜೀವಿಯಂತೆ ಕೆಂಪು ರಕ್ತಕಣದೊಳಗೆ ಹೊಕ್ಕು ಅದನ್ನು ಒಡೆಯುವ ಬೆಬೀಸಿಯಾ. ಉಣ್ಣೆಯಿಂದ ರೋಗ ಹರಡುತ್ತದೆ ಎನ್ನುವುದು ನಿನ್ನೆ ಮೊನ್ನೆಯ ಮಾತಲ್ಲ. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಾಣುವ ನಾಲ್ಕು ವರ್ಷ ಮೊದಲೇ, 1893ರಲ್ಲಿ, ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ದನಗಳ ಬೆಬೀಸಿಯಾ ಕಾಯಿಲೆಯನ್ನು ಹರಡುವುದು ಉಣ್ಣೆಯೇ ಎಂದು ತೋರಿಸಿಕೊಟ್ಟಿದ್ದರು. ನಮ್ಮ ನಾಯಿಗಳನ್ನು ಕಾಡುವ ಬೆಬೀಸಿಯಾ ಗಿಬ್ಸೋನಿಯಂತೂ ನೆರೆಮನೆಯದೇ. 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಅದನ್ನು ಮೊದಲು ವರ್ಣಿಸಿದ್ದು ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ ಕಂಡು, ಆಮೇಲೆ ಅದು ನರಿಯ ರಕ್ತದಲ್ಲೂ ಸಿಕ್ಕಿತು. ಎರ್ಲಿಕಿಯಾ ಗುರುತಾದದ್ದು 1935ರಲ್ಲಿ, ಅಲ್ಜೀರಿಯಾದಲ್ಲಿ. ಜಗತ್ತು ಅದರ ಕಡೆ ತಿರುಗಿ ನೋಡಿದ್ದು ಮಾತ್ರ ವಿಯೆಟ್ನಾಂ ಯುದ್ಧದಲ್ಲಿ, ಅಮೆರಿಕದ ಸೇನೆಯ ನಾಯಿಗಳು ಮೂಗಿನಿಂದ ರಕ್ತ ಸುರಿಸಿಕೊಂಡು ನೂರಾರು ಸಂಖ್ಯೆಯಲ್ಲಿ ಸತ್ತಾಗ. ಅವುಗಳಲ್ಲಿ ಹೆಚ್ಚಿನವು ಜರ್ಮನ್ ಶೆಫರ್ಡ್. ಈ ತಳಿಯಲ್ಲಿ ಕಾಯಿಲೆ ಉಲ್ಬಣಿಸುವುದು ಹೆಚ್ಚು, ಶೆಫರ್ಡ್ ಸಾಕಿರುವವರು ಇದನ್ನು ನೆನಪಿಡಬೇಕು.

ಇವೆರಡರ ಗುರುತೂ ಒಸಡಿನಲ್ಲಿ ಸಿಗುತ್ತದೆ. ನಾಯಿಯ ಮೈಯೆಲ್ಲ ಕೂದಲು, ರಕ್ತದ ಬಣ್ಣ ಬರಿಗಣ್ಣಿಗೆ ಕಾಣುವ ಕಿಟಕಿಗಳು ಬೆರಳೆಣಿಕೆಯಷ್ಟು. ಕೆಂಪು ಕಣಗಳು ಒಡೆದು ಕಡಿಮೆಯಾದರೆ ಒಸಡು ಬಿಳಿಚಿಕೊಳ್ಳುತ್ತದೆ, ಒಡೆದ ಕಣಗಳ ಬಣ್ಣ ಮೈಯಲ್ಲಿ ಉಳಿದರೆ ಅರಿಸಿನ ಸವರಿದಂತೆ ಹಳದಿಯಾಗುತ್ತದೆ. ಪ್ಲೇಟ್‌ಲೆಟ್ ಇಳಿದಾಗ, ಸಣ್ಣ ನಾಳಗಳಲ್ಲಿ ಆಗುವ ದಿನನಿತ್ಯದ ತೂತುಗಳಿಗೆ ತೇಪೆ ಹಾಕುವವರಿಲ್ಲದೆ ಆ ಕೆಂಪು ಚುಕ್ಕಿಗಳು ಏಳುತ್ತವೆ. ತೊಡೆಸಂದಿನ ಕೂದಲಿಲ್ಲದ ಚರ್ಮದಲ್ಲೂ ಅವು ಕಾಣುತ್ತವೆ. ಇನ್ನೊಂದು ಪರೀಕ್ಷೆ: ಕೋರೆಹಲ್ಲಿನ ಮೇಲಿನ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ತಡವಾದರೆ ರಕ್ತದ ಓಟ ಕುಂದಿದೆ ಎಂದರ್ಥ. ಒಸಡೇ ಕಪ್ಪಗಿರುವ ನಾಯಿಗಳಲ್ಲಿ ಕಣ್ಣಿನ ಕೆಳರೆಪ್ಪೆ ಎಳೆದು ಒಳಭಾಗ ನೋಡಿ. ಇದೆಲ್ಲ ನಾಯಿ ಚೆನ್ನಾಗಿದ್ದಾಗಲೇ ರೂಢಿಯಾಗಬೇಕು. ನಿಮ್ಮ ನಾಯಿಯ ಸಹಜ ಬಣ್ಣ ಯಾವುದೆಂದು ನಿಮಗೇ ಗೊತ್ತಿಲ್ಲದಿದ್ದರೆ ಬದಲಾದದ್ದು ತಿಳಿಯುವುದಾದರೂ ಹೇಗೆ?

ಎರ್ಲಿಕಿಯಾ ಕಾಯಿಲೆ ಉಣ್ಣೆ ಕಚ್ಚಿದ ಒಂದರಿಂದ ಮೂರು ವಾರದಲ್ಲಿ ಜ್ವರ, ಮಂಕು, ಊಟ ಬಿಡುವುದು ಇವುಗಳಿಂದ ಶುರುವಾಗುತ್ತದೆ. ಎಷ್ಟೋ ನಾಯಿಗಳಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ಅದು ತಾನಾಗಿಯೇ ಇಳಿದುಬಿಡುತ್ತದೆ. ಮೂಢನಂಬಿಕೆ ಬೆಳೆಯುವುದು ಈ ಸಂದಿನಲ್ಲೇ. ಆ ಹೊತ್ತಿಗೆ ದೃಷ್ಟಿ ತೆಗೆದಿದ್ದರೆ ದೃಷ್ಟಿ ತೆಗೆದದ್ದಕ್ಕೆ, ದಾರ ಕಟ್ಟಿದ್ದರೆ ದಾರಕ್ಕೆ ಹೆಸರು. ರೋಗಾಣು ಒಳಗೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಡಗಿದ್ದು, ಕೆಲವು ನಾಯಿಗಳಲ್ಲಿ ಕೊನೆಗೆ ಮೂಳೆಯೊಳಗಿನ ಮಜ್ಜೆಗೇ ಕೈ ಹಾಕುತ್ತದೆ. ಅಲ್ಲಿಗೆ ಮುಟ್ಟಿದ ಮೇಲೆ ಉಳಿಸುವುದು ಬಲು ಕಷ್ಟ. ಕಪ್ಪು ದಾರದ ಬಗ್ಗೆ ಇನ್ನೊಂದು ಮಾತು: ಉಣ್ಣೆಗಳಿಗೆ ಬಲು ಇಷ್ಟವಾದ ಅಡಗುತಾಣಗಳಲ್ಲಿ ಕುತ್ತಿಗೆಯ ಪಟ್ಟಿಯ ಅಡಿಯೂ ಒಂದು. ದಾರ ಕಟ್ಟಿ ಅವಕ್ಕೆ ಇನ್ನೊಂದು ಸೂರು ಹಾಕಿಕೊಡಬೇಡಿ.

ಇದಕ್ಕಿಂತ ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡುವುದು ಮನೆಯ ಔಷಧಿ ಡಬ್ಬಿ. ಜ್ವರ ಅಂತ ಮನುಷ್ಯರ ಮಾತ್ರೆ ಕೊಡುತ್ತಾರೆ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ನಾಯಿಯ ಯಕೃತ್ತನ್ನು ಕೆಡಿಸುತ್ತದೆ, ಐಬುಪ್ರೊಫೆನ್ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೆ ಏಟು ಕೊಡುತ್ತದೆ. ಆಸ್ಪಿರಿನ್ ಮಾಡುವುದು ಇನ್ನೂ ನೇರವಾದ ಹಾನಿ: ಅಳಿದುಳಿದ ಪ್ಲೇಟ್‌ಲೆಟ್‌ಗಳ ಕೈ ಕಟ್ಟಿಹಾಕುತ್ತದೆ. ತೇಪೆ ಹಾಕುವವರು ಮೊದಲೇ ಕಡಿಮೆ, ಇದ್ದವರಿಗೂ ರಜೆ ಕೊಟ್ಟಂತೆ. ಉಣ್ಣೆ ಹತ್ತದಿರಲೆಂದು ಊಟದಲ್ಲಿ ಬೆಳ್ಳುಳ್ಳಿ ಬೆರೆಸುವವರಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಬೀಸಿಯಾ ಒಳಗಿನಿಂದ ಒಡೆಯುತ್ತಿದ್ದರೆ ನಾವು ಅನ್ನದ ಜೊತೆ ಇನ್ನೊಂದು ಸುತ್ತಿಗೆ ಕೊಟ್ಟಹಾಗಾಯಿತು.

ಉಣ್ಣೆ ಕೀಳುವುದಕ್ಕೆ ಒಂದು ಚಿಮುಟ ಸಾಕು. ಚರ್ಮಕ್ಕೆ ತಾಗಿದಂತೆ, ಬಾಯಿಯ ಹತ್ತಿರ ಹಿಡಿದು, ತಿರುಚದೆ, ಒಂದೇ ಸಮನೆ ನೇರ ಎಳೆಯಿರಿ. ಬೆಂಕಿಕಡ್ಡಿ ತಾಗಿಸಬೇಡಿ, ಹೊಟ್ಟೆ ಹಿಚುಕಬೇಡಿ, ಅದರೊಳಗಿನದು ಗಾಯಕ್ಕೆ ಇಳಿಯಬಹುದು. ಸೀಮೆಎಣ್ಣೆ ನಾಯಿಯ ಚರ್ಮ ಸುಡುತ್ತದೆ, ನೆಕ್ಕಿಕೊಂಡರೆ ಅಪಾಯ ಇನ್ನೂ ಹೆಚ್ಚು. ಹರಳೆಣ್ಣೆ ಹಚ್ಚಿದರೆ ಉಸಿರುಗಟ್ಟಿ ಬಿದ್ದುಹೋಗುತ್ತದೆ ಎನ್ನುವುದು ಕೇಳಲು ಸರಿ. ಆದರೆ ಉಣ್ಣೆ ಉಸಿರಾಡುವುದೇ ಗಂಟೆಗೆ ಕೆಲವು ಬಾರಿ. ಅದಕ್ಕೆ ಉಸಿರು ಕಟ್ಟುವಷ್ಟರಲ್ಲಿ ಅದರ ಕೆಲಸ ಆಗಿರುತ್ತದೆ, ಏಕೆಂದರೆ ಎರ್ಲಿಕಿಯಾ ದಾಟಲು ಕೆಲವೇ ಗಂಟೆ ಸಾಕು. ಕಿತ್ತದ್ದನ್ನು ಸೋಪಿನ ನೀರಿಗೆ ಹಾಕಿ. ಉಗುರಿನಿಂದ ಚಿಟ್ಟೆನಿಸುವ ಅಭ್ಯಾಸ ಬೇಡ, ಮನುಷ್ಯರಿಗೆ ಜ್ವರ ತರುವ ಜೀವಿಗಳೂ ಅದರಲ್ಲಿರಬಹುದು. ಕಿವಿಯೊಳಗೆ, ಬೆರಳ ಸಂದಿನಲ್ಲಿ, ಕಂಕುಳಲ್ಲಿ, ಬಾಲದ ಅಡಿ ಹುಡುಕಿ. ಮುಧೋಳದಂಥ ತುಪ್ಪಳ ಕಡಿಮೆಯಿರುವ ನಾಯಿಯಲ್ಲಿ ಇದು ಐದು ನಿಮಿಷದ ಕೆಲಸ.

ಮಲೆನಾಡಿನ ಗೆಳೆಯರೊಬ್ಬರು ನಾಯಿಯ ಉಣ್ಣೆಯಿಂದ ಮಂಗನ ಕಾಯಿಲೆ ಬರುತ್ತದೆಂದು ಹೆದರಿ ಸಾಕಿದ ನಾಯಿಯನ್ನೇ ದೂರ ಬಿಟ್ಟುಬಂದರು. ಆ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ತರಗೆಲೆಯಲ್ಲಿರುವ ಬೇರೆಯೇ ಜಾತಿಯ ಉಣ್ಣೆ. ಮನೆಗೋಡೆ ಹತ್ತುವ ಕಂದು ಉಣ್ಣೆ ಅದಲ್ಲ.

ಈ ಕಂದು ಉಣ್ಣೆ ಗೋಡೆ ಹತ್ತುವುದಕ್ಕೂ ಕಾರಣವಿದೆ. ಅದು ಬಾಳಿನಲ್ಲಿ ಮೂರು ಸಲ ಉಣ್ಣುತ್ತದೆ: ಆರು ಕಾಲಿನ ಮರಿಯಾಗಿ ಒಮ್ಮೆ, ಎಂಟು ಕಾಲು ಬಂದ ಮೇಲೆ ಒಮ್ಮೆ, ದೊಡ್ಡದಾಗಿ ಒಮ್ಮೆ. ಪ್ರತಿ ಊಟದ ಮೇಲೂ ನಾಯಿಯಿಂದ ಉದುರಿ, ಬಿರುಕು ಹುಡುಕಿಕೊಂಡು ಹತ್ತಿ, ಅಲ್ಲಿ ಪೊರೆ ಬಿಡುತ್ತದೆ. ಕೊನೆಯ ಊಟವಾದ ಹೆಣ್ಣು ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ದೊಡ್ಡ ಉಣ್ಣೆ ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ನಾಯಿಯನ್ನು ಮಾತ್ರ ತೊಳೆದು ಗೋಡೆಯನ್ನು ಬಿಟ್ಟರೆ ಏನಾಗುತ್ತದೆಂದು ಲೆಕ್ಕ ಹಾಕಿಕೊಳ್ಳಿ. ನಾಯಿಗೆ ಹಚ್ಚುವ, ನುಂಗಿಸುವ ಉಣ್ಣೆ ಔಷಧಿಗಳು ಈಗ ಚೆನ್ನಾಗಿವೆ. ತೂಕ ನೋಡಿ, ಡಾಕ್ಟರನ್ನು ಕೇಳಿ, ತಿಂಗಳು ತಪ್ಪಿಸದೆ ಕೊಡಿ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ಹೇಳಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ನಾಯಿಯ ಔಷಧಿ ಅದರ ಹತ್ತಿರ ಸುಳಿಯಬಾರದು, ಬೆಕ್ಕಿಗೆ ಅದು ಪ್ರಾಣಾಂತಿಕ.

ಮೂಗಿನಿಂದ ರಕ್ತ, ಡಾಂಬರಿನಂಥ ಕಪ್ಪು ಮಲ, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ, ಕಾಗದದಂತೆ ಬಿಳಿಚಿದ ಒಸಡು, ಎದ್ದು ನಿಲ್ಲಲಾಗದ ಸುಸ್ತು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಹೊರಡಿ. ರಕ್ತಪರೀಕ್ಷೆ ಮಾಡಿಸದೆ ಮಾತ್ರೆ ಶುರುಮಾಡುವುದೂ ಸರಿಯಲ್ಲ: ಎರ್ಲಿಕಿಯಾಗೆ ಕೊಡುವ ಡಾಕ್ಸಿಸೈಕ್ಲಿನ್ ಒಂದರಿಂದಲೇ ಬೆಬೀಸಿಯಾ ಗಿಬ್ಸೋನಿ ಹೋಗುವುದಿಲ್ಲ, ಎರಡೂ ಒಟ್ಟಿಗೆ ಇರುವುದೂ ಉಂಟು.

ಕೆಂಚನಿಗೆ ಡಾಕ್ಸಿಸೈಕ್ಲಿನ್ 28 ದಿನ ಎಂದು ಬರೆದುಕೊಟ್ಟರು. ನಾಲ್ಕನೇ ದಿನಕ್ಕೇ ಬಾಲ ಅಲ್ಲಾಡಿಸಿದ, ಅನ್ನ ಮೊಸರು ನೆಕ್ಕಿದ. ಮಾತ್ರೆ ನಿಲ್ಲಿಸೋಣ ಅಂತ ಮನೆಯಲ್ಲಿ ಎಲ್ಲರಿಗೂ ಅನ್ನಿಸಿದ ದಿನ ಅದು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಾ 28 ದಿನವೂ ಊಟದ ಜೊತೆಯೇ ಕೊಟ್ಟೆವು, ಬರೀ ಮಾತ್ರೆ ನುಂಗಿಸಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಸುಡುತ್ತದೆ. ಪ್ಲೇಟ್‌ಲೆಟ್ 2 ಲಕ್ಷ 10 ಸಾವಿರಕ್ಕೆ ಏರಿತು. ಗೋಡೆಯ ಬಿರುಕುಗಳಿಗೆ ಸಿಮೆಂಟು ಮೆತ್ತಿಸಿ, ಬಾಗಿಲ ಚೌಕಟ್ಟಿನ ಸಂದಿಗೆಲ್ಲ ಔಷಧಿ ಹೊಡೆಸಿದ್ದೇವೆ. ನಿನ್ನೆ ಸಂಜೆ ಕಿಟಕಿಯ ಮೇಲ್ತುದಿಯಲ್ಲಿ ಎಳ್ಳಿನಂಥ ಒಂದು ಚಪ್ಪಟೆ ಉಣ್ಣೆ ಸಿಕ್ಕಿತು, ಮುಂಗಾಲೆರಡನ್ನೂ ಗಾಳಿಗೆ ಎತ್ತಿ ಆಡಿಸುತ್ತಿತ್ತು. ನಮ್ಮ ಉಸಿರಿನ ವಾಸನೆಯನ್ನು ಅದು ಹಿಡಿಯುವುದು ಆ ಮುಂಗಾಲುಗಳಿಂದಲೇ. ಅಮ್ಮ ಸೋಪಿನ ನೀರಿನ ಲೋಟ ತಂದುಕೊಟ್ಟು, ಕೆಂಚನ ತುಟಿ ಎತ್ತಿ ನೋಡಿದರು.