ಮೊಬೈಲ್ ಕೈಯಲ್ಲೇ ಇರುವಾಗ ಡೈರಿಗೆ ಪೆನ್ನು ಯಾಕೆ?

ಪ್ರಶ್ನೆ: ಡೈರಿ ಬರೆದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಅದರಿಂದ ಏನು ಪ್ರಯೋಜನ? ಬರೆಯಲೇಬೇಕು ಅಂದರೆ ಮೊಬೈಲ್‌ನಲ್ಲಿ ಟೈಪ್ ಮಾಡಿಟ್ಟರೆ ಸಾಲದೇ?

ಉತ್ತರ: ಮಾಹಿತಿ ಕೂಡಿಡುವುದಷ್ಟೇ ಉದ್ದೇಶವಾಗಿದ್ದರೆ ಮೊಬೈಲ್ ಧಾರಾಳವಾಗಿ ಸಾಕು. ಹುಡುಕಿದ್ದು ತಕ್ಷಣ ಸಿಗುತ್ತದೆ, ನೀರು ಬಿದ್ದು ಶಾಯಿ ಹರಡುವ ಭಯವಿಲ್ಲ, ಅಕ್ಷರ ಕೋಳಿಕಾಲಿನಂತಿದೆ ಎಂಬ ನಾಚಿಕೆಯೂ ಇಲ್ಲ. ಅದರ ಮುಂದೆ ಪುಸ್ತಕಕ್ಕೆ ಎರಡು ದೊಡ್ಡ ಕುಂದುಗಳಿವೆ. ಬರೆಯುವುದು ನಿಧಾನ, ಬರೆದದ್ದನ್ನು ಗುರುತು ಉಳಿಯದಂತೆ ಅಳಿಸಲು ಆಗುವುದಿಲ್ಲ. ಹತ್ತಾರು ವರ್ಷ ಬರೆದ ಮೇಲೆ ನನಗನ್ನಿಸಿದ್ದು, ಡೈರಿಯಿಂದ ಸಿಗುವ ಲಾಭವೆಲ್ಲ ಹೆಚ್ಚುಕಡಿಮೆ ಈ ಎರಡು ಕುಂದುಗಳಿಂದಲೇ ಬರುವುದು.

ಮೊದಲು ನಿಧಾನದ ವಿಷಯ. ಯಾರ ಮೇಲೋ ಸಿಟ್ಟು ಬಂದಿರುತ್ತದೆ. ‘ಅವರು ಯಾವಾಗಲೂ ಹೀಗೇ’ ಎಂದು ಬಾಯಲ್ಲಿ ಹೇಳಲು ಒಂದು ಕ್ಷಣ ಸಾಕು, ಟೈಪ್ ಮಾಡಲು ಹೊರಟರೆ ‘ಯಾವಾ’ ಎನ್ನುವಷ್ಟರಲ್ಲಿ ಫೋನೇ ಉಳಿದದ್ದನ್ನು ತುಂಬಿಕೊಡುತ್ತದೆ. ಕೈಯಲ್ಲಿ ಬರೆಯುವಾಗ ಆ ಒಂದು ಪದಕ್ಕೆ ನಾಲ್ಕು ಅಕ್ಷರ, ಅದರಲ್ಲಿ ಮೂರು ದೀರ್ಘ. ಕೊನೆಯ ‘ಲೂ’ಗೆ ಕೊಂಬಿನ ಇಳಿ ಎಳೆಯುವ ಹೊತ್ತಿಗೆ ಒಳಗಿನಿಂದ ಯಾರೋ ಕೇಳುತ್ತಾರೆ: ಯಾವಾಗಲೂನಾ? ನನ್ನ ಒಂದು ಹಳೆಯ ಪುಟದಲ್ಲಿ ‘ಯಾವಾಗಲೂ’ ಎಂಬುದಕ್ಕೆ ಅಡ್ಡಗೆರೆ ಬಿದ್ದಿದೆ, ಮೇಲೆ ಸಣ್ಣದಾಗಿ ‘ಈ ತಿಂಗಳು ಎರಡು ಸಲ’ ಎಂದಿದೆ. ಸಿಟ್ಟು ಅಲ್ಲಿಗೆ ಅರ್ಧ ಇಳಿದಿತ್ತು.

ಇದನ್ನು ಸಂಶೋಧಕರೂ ಬೇರೆ ದಾರಿಯಿಂದ ನೋಡಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಬೇಕು. ಕೆಲವರಿಗೆ ಯಾವುದೋ ಸಾಮಾನ್ಯ ವಿಷಯ, ಕೆಲವರಿಗೆ ಬದುಕಿನಲ್ಲಿ ತುಂಬ ನೋವು ಕೊಟ್ಟ ಘಟನೆ. ನೋವಿನ ಬಗ್ಗೆ ಬರೆದವರು ಬರೆದ ತಕ್ಷಣ ಇನ್ನಷ್ಟು ಕುಗ್ಗಿಹೋಗಿದ್ದರು. ಆದರೆ ಮುಂದಿನ ಆರು ತಿಂಗಳಲ್ಲಿ, ನಡೆದದ್ದನ್ನೂ ಅನ್ನಿಸಿದ್ದನ್ನೂ ಒಟ್ಟಿಗೆ ಬರೆದವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಆಮೇಲೆ ಇಂಥ ಪ್ರಯೋಗಗಳು ನೂರಾರು ನಡೆದವು. ಎಲ್ಲವನ್ನೂ ಒಟ್ಟು ಹಾಕಿ ನೋಡಿದರೆ ಲಾಭ ಇದೆ, ಆದರೆ ಸಣ್ಣದು. ಡೈರಿ ಬರೆದರೆ ಬದುಕೇ ಬದಲಾಗುತ್ತದೆ ಎನ್ನುವವರ ಮಾತನ್ನು ಸ್ವಲ್ಪ ಸೋಸಿಯೇ ಕೇಳಿ.

ನನಗೆ ಇಷ್ಟವಾದದ್ದು ಪೆನ್ನೆಬೇಕರ್ ಮುಂದೆ ಗಮನಿಸಿದ ಇನ್ನೊಂದು ಸಂಗತಿ. ಯಾರ ಬರಹದಲ್ಲಿ ದಿನದಿಂದ ದಿನಕ್ಕೆ ‘ಯಾಕೆಂದರೆ’, ‘ಅದರಿಂದಾಗಿ’, ‘ಈಗ ಅರ್ಥವಾಯಿತು’ ಎನ್ನುವಂಥ ಮಾತುಗಳು ಹೆಚ್ಚುತ್ತ ಹೋದವೋ ಅವರಿಗೆ ಹೆಚ್ಚು ಗುಣ ಸಿಕ್ಕಿತು. ಅಂದರೆ ಮನಸ್ಸಿನಲ್ಲಿದ್ದುದನ್ನು ಸುಮ್ಮನೆ ಕಕ್ಕುವುದರಿಂದಲ್ಲ, ಅದಕ್ಕೊಂದು ಹಿಂದುಮುಂದು ಕಟ್ಟಿಕೊಳ್ಳುವುದರಿಂದ. ಹಾಗಾಗಿ ‘ಎದ್ದೆ, ಹೋದೆ, ಬಂದೆ, ಮಲಗಿದೆ’ ಎಂಬ ಡೈರಿಯಿಂದ ಹೆಚ್ಚೇನೂ ನಿರೀಕ್ಷಿಸಬೇಡಿ. ಒಂದೇ ಸಂಗತಿ ತೆಗೆದುಕೊಂಡು ಅದರ ‘ಯಾಕೆ’ಯ ಹಿಂದೆ ಅರ್ಧ ಪುಟ ಹೋಗುವುದು ಮೇಲು. ಅದೇ ದೂರನ್ನು ಅದೇ ಮಾತುಗಳಲ್ಲಿ ವಾರಗಟ್ಟಲೆ ಬರೆಯುತ್ತಿದ್ದೀರಿ ಎಂದಾದರೆ ಅದು ಗಾಯ ಕೆರೆಯುವ ಕೆಲಸ, ನಿಲ್ಲಿಸಿ. ಬರೆದಷ್ಟೂ ಮನಸ್ಸು ಕುಸಿಯುತ್ತಲೇ ಇದ್ದರೆ ಪುಸ್ತಕ ಮುಚ್ಚಿಟ್ಟು ಆಪ್ತರೊಬ್ಬರನ್ನೋ ಮನೋವೈದ್ಯರನ್ನೋ ಕಾಣಬೇಕು.

ನ್ಯಾಯವಾಗಿ ಹೇಳುವುದಾದರೆ ಇದಿಷ್ಟೂ ಟೈಪ್ ಮಾಡಿದರೂ ಆಗಬಹುದು. ಕೈಬರಹದ್ದೇ ಮೇಲುಗೈ ಎಂದು ತೋರಿಸಲು ಹಲವರು 2024ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನವನ್ನು ಎತ್ತಿ ಹಿಡಿಯುತ್ತಾರೆ. 36 ವಿದ್ಯಾರ್ಥಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದಾಗ, ಪೆನ್ನಿನಲ್ಲಿ ಬರೆಯುವಾಗ ಮಿದುಳಿನ ಭಾಗಗಳ ನಡುವೆ ಸಂಪರ್ಕ ಹೆಚ್ಚು ವಿಸ್ತಾರವಾಗಿತ್ತು. ನಿಜವೇ. ಆದರೆ ಅಲ್ಲಿ ಟೈಪ್ ಮಾಡಿಸಿದ್ದು ಒಂದೇ ಬೆರಳಿನಲ್ಲಿ, ಪೆನ್ನು ಓಡಿದ್ದೂ ಕಾಗದದ ಮೇಲಲ್ಲ, ಪರದೆಯ ಮೇಲೆ. 2014ರಲ್ಲಿ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಸಂಶೋಧಕರು ಕಂಡದ್ದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ: ಲ್ಯಾಪ್‌ಟಾಪ್‌ನಲ್ಲಿ ಟಿಪ್ಪಣಿ ಮಾಡಿದವರು ಉಪನ್ಯಾಸವನ್ನು ಹೆಚ್ಚು ಪದಶಃ ಇಳಿಸಿಕೊಂಡರು. ಕೈಯಲ್ಲಿ ಬರೆಯುವವರಿಗೆ ಅಷ್ಟು ವೇಗವಿಲ್ಲ, ಆರಿಸಿಕೊಳ್ಳದೆ ಗತಿಯಿಲ್ಲ. ಇದರಿಂದ ಪರೀಕ್ಷೆಯಲ್ಲಿ ಅಂಕ ಹೆಚ್ಚುತ್ತದೆಯೇ ಎಂಬುದು ಆಮೇಲಿನ ಪ್ರಯೋಗಗಳಲ್ಲಿ ಅಷ್ಟು ಖಚಿತವಾಗಲಿಲ್ಲ. ಡೈರಿಗೆ ಅಂಕದ ಹಂಗಿಲ್ಲವಲ್ಲ.

ಇನ್ನು ಅಳಿಸಲಾಗದ ಕುಂದು. ನಮ್ಮ ನೆನಪು ಬಲು ಚಾಲಾಕಿ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೋಗುವ ಮೊದಲು, ಅಲ್ಲಿ ಏನೇನು ನಡೆಯಬಹುದು ಎಂದು ಫಿಷಾಫ್ ಮತ್ತು ಬೇಯ್ತ್ ಎಂಬ ಸಂಶೋಧಕರು ಕೆಲವು ವಿದ್ಯಾರ್ಥಿಗಳಿಂದ ಅಂದಾಜು ಬರೆಸಿಕೊಂಡಿದ್ದರು. ಭೇಟಿಯೆಲ್ಲ ಮುಗಿದ ಮೇಲೆ ‘ಆಗ ಏನು ಬರೆದಿದ್ದಿರಿ?’ ಎಂದು ಕೇಳಿದರೆ, ನಡೆದುಹೋದ ಸಂಗತಿಗಳನ್ನು ತಾವು ಮೊದಲೇ ಹೆಚ್ಚು ಖಚಿತವಾಗಿ ಊಹಿಸಿದ್ದೆವು ಎಂಬಂತೆ ಅವರಿಗೆ ನೆನಪಿತ್ತು. ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಡಾರ್ವಿನ್‌ಗೆ ಈ ಕಾಟ ಚೆನ್ನಾಗಿ ಗೊತ್ತಿತ್ತು. ತನ್ನ ವಾದಕ್ಕೆ ವಿರುದ್ಧವಾದ ಸಂಗತಿ ಕಂಡರೆ ತಡಮಾಡದೆ ಬರೆದಿಡುತ್ತಿದ್ದೆ, ಅಂಥವೇ ಬೇಗ ಮರೆತುಹೋಗುತ್ತವೆ ಎಂದು ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ.

ನನ್ನದೇ ಕಥೆ ಕೇಳಿ. ಒಂದು ಕೆಲಸಕ್ಕೆ ಸೇರಿ ವರ್ಷ ತುಂಬುವ ಮೊದಲೇ ಬಿಟ್ಟೆ. ‘ಸೇರುವಾಗಲೇ ನನಗೆ ಗೊತ್ತಿತ್ತು, ಇದು ನನಗಾಗುವುದಲ್ಲ ಅಂತ’ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ. ಮುಂದೊಂದು ದಿನ ಹಳೆಯ ಪುಸ್ತಕ ತೆರೆದರೆ, ಸೇರಿದ ದಿನದ ಪುಟದಲ್ಲಿ ‘ಇಂಥ ಅವಕಾಶ ಮತ್ತೆ ಸಿಗುವುದಿಲ್ಲ’ ಎಂದು ನನ್ನದೇ ಅಕ್ಷರ, ಕೆಳಗೆ ಎರಡು ಗೆರೆ. ಎಷ್ಟು ಒತ್ತಿ ಎಳೆದಿದ್ದೆನೆಂದರೆ ಹಾಳೆ ಮಗುಚಿದರೆ ಹಿಂಬದಿಯಲ್ಲಿ ಗೆರೆ ಬೆರಳಿಗೆ ತಗಲುತ್ತದೆ. ಆಮೇಲೆ ಆ ಕಥೆಯನ್ನು ಮೊದಲಿನಷ್ಟು ಜೋರಾಗಿ ಹೇಳಲು ಬಾಯಿ ಬರಲಿಲ್ಲ.

ರಾತ್ರಿ ನಿದ್ದೆ ಬಾರದವರಿಗೆ ಒಂದು ಕಿವಿಮಾತು. 2018ರ ಒಂದು ಪ್ರಯೋಗದಲ್ಲಿ 57 ಜನ ಮಲಗುವ ಮುನ್ನ 5 ನಿಮಿಷ ಬರೆದರು. ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡಿದವರಿಗೆ, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತು. ಈ ಕೆಲಸಕ್ಕೆ ಫೋನ್ ಮಾತ್ರ ಬೇಡ. ಪಟ್ಟಿ ಬರೆಯಲೆಂದು ತೆಗೆದು ಒಂದು ಗಂಟೆ ಕಳೆದವರ ಸಾಲಿನಲ್ಲಿ ನಾನೂ ಇದ್ದೇನೆ.

ಶುರು ಮಾಡುವವರು ದಿನಾಂಕ ಅಚ್ಚಾದ ಡೈರಿ ಕೊಳ್ಳಬೇಡಿ. ಬಿಟ್ಟುಹೋದ ಪುಟಗಳು ಸಾಲ ಕೊಟ್ಟವರಂತೆ ನೋಡುತ್ತಿರುತ್ತವೆ. ಗೆರೆ ಹಾಕಿದ ಯಾವುದೇ ನೋಟ್‌ಬುಕ್ ಆದೀತು, ದಿನಾಂಕ ನೀವೇ ಹಾಕಿಕೊಳ್ಳಿ, ವಾರಕ್ಕೆ ಮೂರು ಸಲವಾದರೂ ಸರಿ.

ಯಾರಾದರೂ ಓದಿಬಿಟ್ಟರೆ ಎಂಬ ಅಂಜಿಕೆ ಸಹಜ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗೆ ಡೈರಿಯ ಬಹುಭಾಗವನ್ನು ಶೀಘ್ರಲಿಪಿಯಲ್ಲಿ ಬರೆದ. ಅದನ್ನೂ ಬಿಡಿಸಿ ಓದಿ 1825ರಲ್ಲಿ ಅಚ್ಚು ಹಾಕಿಸಿದರು. ಹಾಗಾಗಿ ಬೀಗಕ್ಕಿಂತ ಹರಿದು ಹಾಕುವ ಧೈರ್ಯ ಒಳ್ಳೆಯದು. ಹೋದ ವರ್ಷ ನಾನು ಮೂರು ಹಾಳೆ ಹರಿದೆ. ಅವುಗಳಲ್ಲಿದ್ದುದರ ಕೆಲಸ ಬರೆದ ರಾತ್ರಿಯೇ ಮುಗಿದಿತ್ತು. ಎರಡು ಗೆರೆ ಎಳೆದ ಆ ಪುಟ ಮಾತ್ರ ಇನ್ನೂ ಇದೆ.