ಪವರ್ ಕೈಟಿನ ಬ್ರೈಡಲ್: ಹರಿದ ದಾರ, ಬದಲಿಸುವ ಲೆಕ್ಕ

ಚಿಕ್ಕಂದಿನಲ್ಲಿ ಗಾಳಿಪಟಕ್ಕೆ ಸೂತ್ರ ಕಟ್ಟಿದವರಿಗೆ ಬ್ರೈಡಲ್ ಅಂದರೆ ಏನು ಅಂತ ಅರ್ಧ ಗೊತ್ತಿರುತ್ತದೆ. ಕಡ್ಡಿಗಳು ಕೂಡುವ ಕಡೆ ಒಂದು ತೂತು, ಕೆಳಗೆ ಇನ್ನೊಂದು. ಎರಡಕ್ಕೂ ದಾರ ಹಾಕಿ ನಡುವೆ ಒಂದು ಗಂಟು. ಗಂಟನ್ನು ಸ್ವಲ್ಪ ಮೇಲೆ ಸರಿಸಿದರೆ ಪಟ ಮಲಗಿದಂತೆ ಹಗುರವಾಗಿ ಹಾರುತ್ತದೆ. ಕೆಳಗಿಳಿಸಿದರೆ ಗಾಳಿಗೆ ಎದೆ ಕೊಟ್ಟು ಏಳಲು ಒದ್ದಾಡುತ್ತದೆ. ಪವರ್ ಕೈಟಿನ ಬ್ರೈಡಲ್ ಮಾಡುವುದೂ ಇದೇ ಕೆಲಸ. ಪಟ ಗಾಳಿಗೆ ಯಾವ ಕೋನದಲ್ಲಿ ಮುಖ ಕೊಡಬೇಕು ಅಂತ ಅದು ನಿಗದಿ ಮಾಡುತ್ತದೆ. ಮುಖ್ಯವಾದ ಇನ್ನೊಂದು ಕೆಲಸವೂ ಅದರ ಮೇಲಿದೆ. ಬರೀ ಬಟ್ಟೆಯ, ಗಾಳಿ ನುಗ್ಗಿ ಉಬ್ಬುವ ಫಾಯಿಲ್ ಜಾತಿಯ ಪವರ್ ಕೈಟಿನಲ್ಲಿ ಕಡ್ಡಿಯೇ ಇರುವುದಿಲ್ಲ. ಹಾಗಾಗಿ ಪಟದ ಆಕಾರವನ್ನೂ ಈ ದಾರಗಳೇ ಹಿಡಿದಿಡಬೇಕು.

ಪವರ್ ಕೈಟ್ ಅಂದರೆ ಮನುಷ್ಯನನ್ನು ಎಳೆಯುವ ಪಟ. ಮರಳಿನ ಮೇಲೆ ಮೂರು ಚಕ್ರದ ಬಗ್ಗಿ, ನೀರಿನ ಮೇಲೆ ಹಲಗೆ, ಹಿಮದ ಮೇಲೆ ಸ್ಕೀ, ಎಲ್ಲವನ್ನೂ ಇದರಿಂದ ಎಳೆಸಬಹುದು. ಬಗ್ಗಿಯ ಹುಚ್ಚು 1990ರ ದಶಕದಲ್ಲಿ ಹಬ್ಬಿತು. ಅದರ ಹಿಂದೆ ನ್ಯೂಜಿಲೆಂಡಿನ ಆ್ಯಶ್‌ಬರ್ಟನ್‌ನ ಪಟ ತಯಾರಕ ಪೀಟರ್ ಲಿನ್ ಕೈವಾಡ ದೊಡ್ಡದು. ಫಾಯಿಲ್ ಪಟದ ಬೇರು ಇನ್ನೂ ಹಿಂದಿನದು. ಅಮೆರಿಕದ ಡೊಮಿನಾ ಜಾಲ್ಬರ್ಟ್ 1960ರ ದಶಕದಲ್ಲಿ ಪ್ಯಾರಾಫಾಯಿಲ್ ಮಾಡಿದರು. ಬಟ್ಟೆಯ ಚೀಲಗಳ ಬಾಯಿಗೆ ಗಾಳಿ ನುಗ್ಗಿ, ಚೀಲಗಳು ಉಬ್ಬಿ ವಿಮಾನದ ರೆಕ್ಕೆಯ ಆಕಾರ ಬರುವ ಪಟ ಅದು. ಅದರ ಹೊಟ್ಟೆಯ ಕೆಳಗೆ ತ್ರಿಕೋನದ ಬಟ್ಟೆಗಳು ಜೋತಾಡುತ್ತವೆ. ಎಳೆತವನ್ನು ಹಂಚಲು ಅವು ಬೇಕಿದ್ದವು. ಈಗಿನ ವೇಗದ ಫಾಯಿಲ್‌ಗಳಲ್ಲಿ ಆ ಬಟ್ಟೆಗಳಿಲ್ಲ. ಅವುಗಳ ಕೆಲಸವನ್ನೂ ಬ್ರೈಡಲ್ ದಾರಗಳೇ ನೋಡಿಕೊಳ್ಳುತ್ತವೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಾರ್ಸೇ ಕಡಲಲ್ಲಿ ಓಡಿದ ಕೈಟ್‌ಗಳೂ ಈ ಫಾಯಿಲ್ ಜಾತಿಯವೇ.

ಫಾಯಿಲ್ ಒಂದನ್ನು ಬೆನ್ನಡಿ ಮಾಡಿ ಹಾಸಿ ನೋಡಿ. ಹತ್ತಾರು ಸಣ್ಣ ದಾರಗಳು ಕಾಣುತ್ತವೆ. ಮೊದಲು ತಲೆ ಕೆಡುತ್ತದೆ, ಆಮೇಲೆ ಕ್ರಮ ಕಾಣಿಸುತ್ತದೆ. ಮುಂಚೂಣಿ ಅಂಚಿನ ಹತ್ತಿರದ ಸಾಲು ಎ, ಅದರ ಹಿಂದೆ ಬಿ, ಸಿ, ಕೆಲವು ಪಟಗಳಲ್ಲಿ ಡಿ. ತೀರಾ ಹಿಂದಿನ ಅಂಚಿಗೆ ಕಟ್ಟಿದವು ಬ್ರೇಕ್ ದಾರಗಳು. ಬಟ್ಟೆಗೆ ಅಂಟಿದ ಎರಡು ಮೂರು ದಾರಗಳು ಕೆಳಗೆ ಸೇರಿ ಒಂದಾಗುತ್ತವೆ. ಅಂಥ ಎರಡು ಮೂರು ಸೇರಿ ಇನ್ನೊಂದು. ಕೊನೆಗೆ ಎಲ್ಲ ಬಂದು, 20-25 ಮೀಟರ್ ಉದ್ದದ ಹಾರಿಸುವ ದಾರಕ್ಕೆ ಕೂಡುತ್ತವೆ. ರೆಕ್ಕೆ ಎತ್ತುವ ಬಲ ಹೆಚ್ಚಾಗಿ ಮುಂಭಾಗದಲ್ಲೇ ಹುಟ್ಟುವುದರಿಂದ ಎ ಮತ್ತು ಬಿ ಸಾಲಿಗೆ ಭಾರ ಜಾಸ್ತಿ. ಹಿಂದಿನ ಸಾಲುಗಳಿಗೆ ಕಡಿಮೆ.

ಈಗ ರಿಪೇರಿಗೆ ಬರೋಣ. ಬ್ರೈಡಲ್ ಹರಿದಾಗ ಎಲ್ಲರೂ ಮೊದಲು ಕೇಳುವುದು "ಎಷ್ಟು ಗಟ್ಟಿ ದಾರ ಹಾಕಬೇಕು?" ಅಂತ. ಗಟ್ಟಿತನದ ಸಮಸ್ಯೆ ಸುಲಭ. ಹಳೆಯದರಷ್ಟೇ ತೂಕ ತಡೆಯುವ ದಾರ ತಂದರೆ ಅದು ಮುಗಿಯಿತು. ಕಷ್ಟ ಇರುವುದು ಉದ್ದದಲ್ಲಿ. ಎ ಸಾಲು ಒಂದೆರಡು ಸೆಂಟಿಮೀಟರ್ ಉದ್ದವಾದರೂ ಪಟದ ಮೂತಿ ಮೇಲೇಳುತ್ತದೆ. ಪಟ ನಿಧಾನವಾಗುತ್ತದೆ, ಗಾಳಿ ಸ್ವಲ್ಪ ಇಳಿದರೆ ಹಿಂದಕ್ಕೆ ಜಾರಿ ಬೀಳುತ್ತದೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದರೆ ಒಂದೇ ಕಡೆ ಎಳೆಯುತ್ತದೆ.

ದಾರವೇ ಹರಿಯದೆಯೂ ಇದೆಲ್ಲ ಆಗಬಹುದು. ಬ್ರೈಡಲ್‌ಗೆ ಸಾಮಾನ್ಯವಾಗಿ ಬಳಸುವುದು ಡೈನೀಮಾ. ನೆದರ್‌ಲೆಂಡ್ಸ್‌ನ ಡಿಎಸ್‌ಎಂ ಕಂಪನಿ ಇದನ್ನು 1990ರಲ್ಲಿ ಹೇರ್ಲೆನ್‌ನಲ್ಲಿ ವಾಣಿಜ್ಯವಾಗಿ ತಯಾರಿಸತೊಡಗಿತು. ಅಮೆರಿಕದಲ್ಲಿ ಇದೇ ಜಾತಿಯ ನಾರಿಗೆ ಸ್ಪೆಕ್ಟ್ರಾ ಅಂತ ಹೆಸರು. ಒಂದು ಬಗೆಯ ಪಾಲಿಥೀನ್ ಇದು, ನೀರಲ್ಲಿ ತೇಲುತ್ತದೆ, ತೂಕಕ್ಕೆ ತೂಕ ಹೋಲಿಸಿದರೆ ಉಕ್ಕನ್ನು ಎಲ್ಲೋ ಹಿಂದೆ ಬಿಡುತ್ತದೆ. ಆದರೆ ಸತತ ಭಾರ ಬಿದ್ದರೆ ನಿಧಾನವಾಗಿ ಉದ್ದವಾಗುತ್ತದೆ. ಹೊರಗೆ ಪಾಲಿಯೆಸ್ಟರ್ ಕವಚ ಇರುವ ದಾರ ಒದ್ದೆಯಾಗಿ ಒಣಗಿ ಸ್ವಲ್ಪ ಕುಗ್ಗುತ್ತದೆ ಕೂಡ. ಲೆಕ್ಕ ಹಾಕಿ ನೋಡಿ: ಭಾರ ಹೊತ್ತ ಮುಂದಿನ ಸಾಲು ಉದ್ದವಾಗುತ್ತದೆ, ಸುಮ್ನೆ ಇದ್ದ ಹಿಂದಿನ ಸಾಲು ಗಿಡ್ಡವಾಗುತ್ತದೆ. ಎರಡೂ ಸೇರಿ ಪಟವನ್ನು ಒಂದೇ ದಿಕ್ಕಿಗೆ ಕೆಡಿಸುತ್ತವೆ. "ಪಟ ಹಳೇದಾಯ್ತು, ಬಟ್ಟೆ ಸತ್ತುಹೋಯ್ತು" ಅಂತ ಮಾರಿಬಿಡುವ ಎಷ್ಟೋ ಕೈಟ್‌ಗಳ ರೋಗ ಇದೇ ಅಂತ ನನ್ನ ಅನುಮಾನ. ಕುಗ್ಗಿದ ಹಿಂದಿನ ದಾರಗಳನ್ನು ಹದವಾಗಿ ಎಳೆದು ಹಿಡಿದರೆ ಅನೇಕ ಸಲ ಹಳೆಯ ಉದ್ದಕ್ಕೆ ಬರುತ್ತವೆ.

ಡೈನೀಮಾಗೆ ಇನ್ನೊಂದು ದೌರ್ಬಲ್ಯ ಬಿಸಿ. ಅದು ಕರಗುವುದು ಸುಮಾರು 144-152 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದು ದಾರ ಇನ್ನೊಂದರ ಮೇಲೆ ಒಂದೇ ಜಾಗದಲ್ಲಿ ಉಜ್ಜಿದರೆ ಅಷ್ಟು ಬಿಸಿ ಹುಟ್ಟಲು ಹೆಚ್ಚು ಹೊತ್ತು ಬೇಡ. ಹರಿದ ತುದಿ ಗಟ್ಟಿಯಾಗಿ ಮಣಿಯಂತೆ ಆಗಿದ್ದರೆ ಅದು ಕರಗಿ ಹೋದದ್ದು. ಆಗ ಪಕ್ಕದ ದಾರಗಳನ್ನೂ ಬೆರಳಲ್ಲಿ ಸವರಿ ನೋಡಬೇಕು, ಅವೂ ಅರ್ಧ ಸುಟ್ಟಿರಬಹುದು.

ಅಳತೆ ಎಲ್ಲಿಂದ ತರುವುದು? ತಯಾರಕರ ಬ್ರೈಡಲ್ ನಕ್ಷೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೂ ಚಿಂತೆ ಇಲ್ಲ, ಪಟದ ಎಡ ಬಲ ಒಂದೇ ಥರ ಅಲ್ವಾ? ಹರಿದ ದಾರದ ಜೋಡಿ ಇನ್ನೊಂದು ಬದಿಯಲ್ಲಿದೆ. ಅದನ್ನು ಬಿಚ್ಚಿ, ಒಂದು ಕುಣಿಕೆಯನ್ನು ಮೊಳೆಗೆ ಸಿಕ್ಕಿಸಿ, ಇನ್ನೊಂದಕ್ಕೆ ಐದು ಲೀಟರ್ ನೀರಿನ ಕ್ಯಾನ್ ತೂಗುಬಿಟ್ಟು ಅಳೆಯಿರಿ. ಹೊಸ ದಾರಕ್ಕೂ ಅದೇ ಕ್ಯಾನ್. ಭಾರ ಇಲ್ಲದೆ ಟೇಪ್ ಹಿಡಿದು ಅಳೆದ ಲೆಕ್ಕ ಯಾವತ್ತೂ ಕೈಕೊಡುತ್ತದೆ. ಹೊಸ ದಾರವನ್ನು ಕತ್ತರಿಸುವ ಮೊದಲೇ ಜೋರಾಗಿ ಒಂದಷ್ಟು ಹೊತ್ತು ಎಳೆದಿಡಬೇಕು. ಇಲ್ಲದಿದ್ದರೆ ಕಟ್ಟಿದ ಮೇಲೆ ಅದು ಉದ್ದವಾಗುತ್ತದೆ. ಹಳೆಯ ಎ ದಾರಗಳೆಲ್ಲ ಉದ್ದವಾಗಿರುವಾಗ ಫ್ಯಾಕ್ಟರಿ ಅಳತೆಯ ಒಂದೇ ಒಂದು ಹೊಸ ದಾರ ಹಾಕಿದರೆ ಎಳೆತವೆಲ್ಲ ಅದರ ಮೇಲೇ ಬೀಳುತ್ತದೆ. ಅದಕ್ಕೇ ಒಂದನ್ನು ಬದಲಿಸುವಾಗ ಇನ್ನೊಂದು ಬದಿಯ ಜೋಡಿಯನ್ನೂ ಬದಲಿಸುವುದು ಲೇಸು. ಸಾಲೇ ಹಳತಾಗಿದ್ದರೆ ಇಡೀ ಸಾಲನ್ನು ನಕ್ಷೆಯ ಅಳತೆಗೆ ತನ್ನಿ.

ತುದಿಯ ಕುಣಿಕೆಗೆ ಗಂಟು ಹಾಕುವುದು ಕಡಲ ದಂಡೆಯ ತಾತ್ಕಾಲಿಕ ಉಪಾಯ. ಡೈನೀಮಾ ನುಣುಪು, ಗಂಟು ಜಾರುತ್ತದೆ. ಜಾರದಿದ್ದರೂ ಗಂಟಿನ ಜಾಗದಲ್ಲಿ ದಾರದ ಶಕ್ತಿ ಅರ್ಧದ ಹತ್ತಿರ ಕುಸಿಯಬಹುದು. ಕವಚ ಇಲ್ಲದ ಟೊಳ್ಳು ಹೆಣಿಗೆಯ ದಾರವಾದರೆ ಸ್ಪ್ಲೈಸ್ ಮಾಡುತ್ತಾರೆ, ಅಂದರೆ ತುದಿಯನ್ನು ಸೂಜಿಯಿಂದ ದಾರದ ಹೊಟ್ಟೆಯೊಳಗೇ ತೂರಿಸುತ್ತಾರೆ. ಎಳೆದಷ್ಟೂ ಹೊರಗಿನ ಹೆಣಿಗೆ ಒಳಗಿನದನ್ನು ಬಿಗಿ ಹಿಡಿಯುತ್ತದೆ. ಒಳಗೆ ಹೋಗಬೇಕಾದ ಉದ್ದ ವ್ಯಾಸದ 72 ಪಟ್ಟು ಅನ್ನುವುದು ಹಗ್ಗದವರ ರೂಢಿ ಲೆಕ್ಕ. ಒಂದೂವರೆ ಮಿಲಿಮೀಟರ್ ದಾರಕ್ಕೆ ಸುಮಾರು 11 ಸೆಂಟಿಮೀಟರ್. ತೂರಿಸಿದ ಭಾಗ ದಪ್ಪವಾಗಿ ದಾರ ಗಿಡ್ಡವಾಗುತ್ತದೆ, ಆದ್ದರಿಂದ ಸ್ಪ್ಲೈಸ್ ಆದ ಮೇಲೇ ಕೊನೆಯ ಅಳತೆ. ಬಟ್ಟೆಗೆ ಹತ್ತಿದ ಗಿಡ್ಡ ದಾರಗಳಲ್ಲಿ ಎರಡು ಸ್ಪ್ಲೈಸಿಗೆ ಜಾಗವೇ ಇರುವುದಿಲ್ಲ. ಅಲ್ಲಿ, ಮತ್ತು ಕವಚದ ದಾರಗಳಲ್ಲಿ, ಕುಣಿಕೆಯನ್ನು ಹೊಲಿಗೆ ಯಂತ್ರದಲ್ಲಿ ಜಿಗ್‌ಜಾಗ್ ಹೊಲಿಯುತ್ತಾರೆ. ಮೀನು ಹಿಡಿಯುವ ಬ್ರೇಡ್ ದಾರವೂ ಇದೇ ಜಾತಿಯ ನಾರಿನದು, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ನಾನಂತೂ ಹಾಕುವುದಿಲ್ಲ. ತೀರಾ ತೆಳು, ಸಿಕ್ಕಾದರೆ ಬಿಡಿಸಲು ಆಗುವುದಿಲ್ಲ, ಕೈಗೆ ಸಿಕ್ಕಿದರೆ ಕೊಯ್ಯುತ್ತದೆ.

ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಒಂದು ದಾರ ಬಿಚ್ಚಿ, ಹೊಸದನ್ನು ಕಟ್ಟಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ರಾಶಿ ಹಾಕಿದರೆ ಆ ಸಂಜೆ ಹೋಯ್ತು ಅಂತಲೇ ಲೆಕ್ಕ. ಮೊದಲ ಹಾರಾಟ ಹಗುರ ಗಾಳಿಯಲ್ಲಿ, ಜನ ಇಲ್ಲದ ಬಯಲಲ್ಲಿ ಇರಲಿ. ಬಟ್ಟೆಯಲ್ಲಿ ಓರೆ ಸುಕ್ಕು ಕಂಡರೆ ಸುಕ್ಕಿನ ತುದಿಯ ದಾರವೇ ಗಿಡ್ಡ. ಒಂದು ಕಡೆ ಎಳೆದರೆ ಮತ್ತೆ ಬ್ರೈಡಲ್‌ಗೆ ಕೈಹಾಕುವ ಮೊದಲು ಹಾರಿಸುವ ದಾರಗಳನ್ನು ಒಂದು ಗೂಟಕ್ಕೆ ಸಿಕ್ಕಿಸಿ ಸಮ ಇವೆಯಾ ನೋಡಿ. ತಪ್ಪು ಬಹಳ ಸಲ ಅಲ್ಲೇ ಇರುತ್ತದೆ.

ಪಂಪ್ ಹೊಡೆದು ಉಬ್ಬಿಸುವ ಕೈಟ್‌ಗಳ ಕತೆ ಚಿಕ್ಕದು. ಫ್ರಾನ್ಸ್‌ನ ಲೆಗೆನ್ಯೂ ಸೋದರರು 1984ರಲ್ಲಿ ಪೇಟೆಂಟ್ ಮಾಡಿದ ಜಾತಿ ಅದು. ಆಕಾರವನ್ನು ಗಾಳಿ ತುಂಬಿದ ಕೊಳವೆಗಳು ಹಿಡಿಯುವುದರಿಂದ ಬ್ರೈಡಲ್ ದಾರಗಳು ಕೆಲವೇ ಇರುತ್ತವೆ. ಅಲ್ಲಿ ಹಾಳಾಗುವುದು ಹೆಚ್ಚಾಗಿ ಸಣ್ಣ ರಾಟೆಯಲ್ಲಿ ಓಡಾಡುವ ದಾರ. ಮರಳು ಸಿಕ್ಕಿ ರಾಟೆ ನಿಂತುಬಿಟ್ಟರೆ ದಾರ ಅದರ ಮೇಲೆ ಉಜ್ಜಿ ಉಜ್ಜಿ ಸವೆಯುತ್ತದೆ. ಹೊಸ ದಾರ ಹಾಕಿ ಹಳೆಯ ರಾಟೆ ಬಿಟ್ಟರೆ ಅದನ್ನೂ ತಿನ್ನುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ, ಎರಡೂ ಬದಿಯಲ್ಲಿ ಬದಲಿಸಬೇಕು. ಕಡಲಿಂದ ಬಂದ ಮೇಲೆ ರಾಟೆಯನ್ನು ಸಿಹಿನೀರಲ್ಲಿ ತೊಳೆದು, ಬೆರಳಲ್ಲಿ ಒಮ್ಮೆ ತಿರುಗಿಸಿ ನೋಡಿದರೆ ಸಾಕು.