ಪದದ ನೆತ್ತಿಯ ಮೇಲೆ ಪೆನ್ಸಿಲ್ ಕನ್ನಡ

ಹೊಸ ಶೈಕ್ಷಣಿಕ ವರ್ಷದ ಮೊದಲ ವಾರ ಬೆಂಚುಗಳ ನಡುವೆ ಓಡಾಡುತ್ತಾ ಮಕ್ಕಳ ಇಂಗ್ಲಿಷ್ ಪುಸ್ತಕ ತೆರೆದು ನೋಡುತ್ತೇನೆ. ಅಕ್ಕನಿಂದಲೋ ಪಕ್ಕದ ಮನೆಯ ಅಣ್ಣನಿಂದಲೋ ಬಂದ ಹಳೆ ಪುಸ್ತಕಗಳೇ ಜಾಸ್ತಿ. ಒಳಗೆ ಸಾಲು ಸಾಲಿಗೂ, ಪದ ಪದದ ನೆತ್ತಿಯ ಮೇಲೂ ಪೆನ್ಸಿಲಿನಲ್ಲಿ ಬರೆದ ಕನ್ನಡ. ಇಷ್ಟು ಶ್ರದ್ಧೆಯಿಂದ ಕೂತು ಬರೆದ ಮಗುವನ್ನು ಬೈಯುವುದಕ್ಕೆ ಮನಸ್ಸು ಬರುವುದಿಲ್ಲ. ಆದರೆ ಆ ಪುಟದಲ್ಲಿ ಏನಿದೆ ಅಂತ ಕೇಳಿದರೆ ಮಗು ಸುಮ್ನೆ ನಿಲ್ಲುತ್ತದೆ.

ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನನಗೆ ಪ್ರತಿವರ್ಷ ಬರುವ ಬೇಡಿಕೆ ಒಂದೇ. "ಮೇಡಂ, ಕಷ್ಟದ ಪದಗಳಿಗೆ ಅರ್ಥ ಬರೆಸಿಬಿಡಿ, ಉಳಿದದ್ದು ನಾವು ನೋಡ್ಕೋತೀವಿ." ಮಕ್ಕಳೂ ಕೇಳುತ್ತಾರೆ, ಅಪ್ಪ ಅಮ್ಮನೂ ಕೇಳುತ್ತಾರೆ. ಈಗಂತೂ ಪುಟದ ಫೋಟೋ ತೆಗೆದರೆ ಮೊಬೈಲೇ ಕನ್ನಡ ಕೊಡುತ್ತದೆ. ಪದಗಳ ಅರ್ಥವನ್ನೆಲ್ಲ ಕೂಡಿಸಿದರೆ ಸಾಲಿನ ಅರ್ಥ ಬರುತ್ತದೆ ಅನ್ನುವ ಈ ನಂಬಿಕೆಯ ಬಗ್ಗೆಯೇ ನಾನು ಇವತ್ತು ಬರೆಯಬೇಕು. ವ್ಯಾಕರಣ, ಪತ್ರ ಬರೆಯುವುದು, ಅಂಕಗಳ ಲೆಕ್ಕ ಇವೆಲ್ಲ ನಿಮಗೆ ಗೊತ್ತಿರುವುದೇ.

ಒಂದು ಪದ್ಯ ತೆಗೆದುಕೊಳ್ಳೋಣ. ದ್ವಿತೀಯ ಪಿಯುಸಿಯಲ್ಲಿ ನಾನು ಪಾಠ ಮಾಡಿದ ಡಬ್ಲ್ಯು.ಬಿ. ಯೇಟ್ಸ್ ಅವರ 'ವೆನ್ ಯು ಆರ್ ಓಲ್ಡ್'. 1890ರ ದಶಕದ ಆರಂಭದಲ್ಲಿ ಪ್ರಕಟವಾಯಿತು. ಆಗ ಕವಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೊದಲ ಸಾಲಿನಲ್ಲಿ 'ಗ್ರೇ' ಅಂತ ಬರುತ್ತದೆ. ಪೆನ್ಸಿಲ್ ಬರೆಯುತ್ತದೆ: ಬೂದು ಬಣ್ಣ. ನಮ್ಮಲ್ಲಿ ಅಜ್ಜಿಯನ್ನು ಬೂದು ಅಂತ ಯಾರಾದರೂ ಕರೆಯುತ್ತಾರಾ? ತಲೆ ನೆರೆತಿದೆ ಅನ್ನುತ್ತೇವೆ. ಮುಂದಿನ ಸಾಲಿನಲ್ಲಿ 'ನಾಡಿಂಗ್ ಬೈ ದ ಫೈರ್'. ಪೆನ್ಸಿಲ್ ಬರೆಯುತ್ತದೆ: ಬೆಂಕಿಯ ಪಕ್ಕ ತಲೆಯಾಡಿಸುತ್ತಾ. ತಲೆಯಾಡಿಸುವುದು ಅಂದರೆ ನಮಗೆ ಹೂಂ ಅನ್ನುವುದು. ಆ ಮುದುಕಿ ಯಾರಿಗೆ ಹೂಂ ಅನ್ನುತ್ತಿದ್ದಾಳೆ ಅಂತ ಕೇಳಿದರೆ ಉತ್ತರ ಇಲ್ಲ. ಅವಳು ಒಲೆಯ ಮುಂದೆ ಕೂತು ತೂಕಡಿಸುತ್ತಿದ್ದಾಳೆ, ಅಷ್ಟೇ. ಇದನ್ನು ಕೇಳಿದ ಕೂಡಲೇ ಹಿಂದಿನ ಬೆಂಚಿನಲ್ಲೂ ಮುಖ ಅರಳುತ್ತದೆ. ತೂಕಡಿಸುವ ಅಜ್ಜಿ ಎಲ್ಲರ ಮನೆಯಲ್ಲೂ ಇದ್ದಾಳೆ ಅಲ್ವಾ?

ಇನ್ನೊಂದು ತೊಂದರೆ ಸುಲಭದ ಪದಗಳದ್ದು. ಅದೇ ಸಾಲಿನಲ್ಲಿ 'ಟೇಕ್ ಡೌನ್ ದಿಸ್ ಬುಕ್' ಇದೆ. ಟೇಕ್ ಗೊತ್ತು, ಡೌನ್ ಗೊತ್ತು, ಅದಕ್ಕೇ ಅಲ್ಲಿ ಪೆನ್ಸಿಲ್ ಆಡುವುದೇ ಇಲ್ಲ. ಆದರೆ ಮೊದಲ ಎರಡು ಸಾಲು ನಿಂತಿರುವುದೇ ಆ ಎರಡು ಪದಗಳ ಮೇಲೆ. ಉಳಿದದ್ದೆಲ್ಲ ಯಾವಾಗ ಅನ್ನುವುದನ್ನು ಹೇಳುತ್ತದೆ: ವಯಸ್ಸಾದಾಗ, ತಲೆ ನೆರೆತಾಗ, ಕಣ್ಣು ತುಂಬ ನಿದ್ದೆ ಇರುವಾಗ. ಆಗ ಏನು ಮಾಡಬೇಕು? ಕಪಾಟಿನಿಂದ ಈ ಪುಸ್ತಕ ಇಳಿಸಿಕೊಳ್ಳಬೇಕು, ನಿಧಾನವಾಗಿ ಓದಬೇಕು. ಸಾಲಿನ ಜೀವ ಇರುವ ಕ್ರಿಯಾಪದ ಖಾಲಿ ಬಿಟ್ಟು, ಸುತ್ತಲಿನ ಎಂಟು ಪದಗಳಿಗೆ ಅರ್ಥ ಬರೆದರೆ ಏನು ಸಿಕ್ಕೀತು?

ಇದೇ ಪದ್ಯದಲ್ಲಿ 'ಪಿಲ್‌ಗ್ರಿಮ್ ಸೋಲ್' ಅಂತ ಒಂದು ಮಾತಿದೆ. ಒಬ್ಬ ಹುಡುಗ ನಿಘಂಟು ನೋಡಿ ಯಾತ್ರಿಕ ಆತ್ಮ ಅಂತ ಬರೆದುಕೊಂಡಿದ್ದ. ತುಂಬಾ ಹೊತ್ತು ಯೋಚಿಸಿ ಎದ್ದು ನಿಂತು ಕೇಳಿದ. "ಮೇಡಂ, ಅಲೆಯೋ ಆತ್ಮ ಅಂದ್ರೆ ಇದು ದೆವ್ವದ ಪದ್ಯನಾ?" ಅವನ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಪದಗಳನ್ನು ಕೂಡಿಸಿದಾಗ ಬಂದ ಅರ್ಥ ಸರಿ ಹೊಂದುತ್ತಿಲ್ಲ ಅಂತ ಅವನಿಗೆ ಅನ್ನಿಸಿತ್ತು. ನಮ್ಮ ಕಡೆಯಿಂದ ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುತ್ತಾರೆ. ಅವರನ್ನು ನೋಡಿದ್ದೀಯಾ ಅಂತ ಕೇಳಿದೆ. ನೋಡಿದ್ದೇನೆ, ನಮ್ಮ ಮಾವ ಪ್ರತಿವರ್ಷ ಹೋಗ್ತಾರೆ ಅಂದ. ಕಾಲು ಬೊಬ್ಬೆ ಬಂದರೂ ಮಾವ ಯಾಕೆ ನಿಲ್ಲುವುದಿಲ್ಲ? "ಅವರ ಮನಸ್ಸು ಆಗಲೇ ಅಲ್ಲಿಗೆ ಹೋಗಿಬಿಟ್ಟಿರುತ್ತೆ ಮೇಡಂ." ಪದ್ಯದ ಹೆಣ್ಣಿನ ಒಳಗೂ ಅಂಥದೇ ಒಂದು ಮನಸ್ಸು ಇತ್ತು, ಎಲ್ಲರೂ ಅವಳ ಚೆಲುವನ್ನು ನೋಡಿದರು, ಒಬ್ಬನು ಮಾತ್ರ ಆ ಮನಸ್ಸನ್ನು ಪ್ರೀತಿಸಿದ ಅಂದೆ. ಈ ಪದ್ಯದ ಹಿಂದೆ ಇರುವವರು ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ದುಡಿದ ಮಾಡ್ ಗಾನ್ ಅನ್ನುವುದನ್ನು ಆಮೇಲೆ ಹೇಳಿದೆ. ಅವತ್ತು ಬೆಲ್ ಹೊಡೆದದ್ದು ಯಾರಿಗೂ ಬೇಕಿರಲಿಲ್ಲ.

ಇಂಗ್ಲಿಷ್ ಸಾಲು ಕನ್ನಡ ಸಾಲಿನ ಹಾಗೆ ನಡೆಯುವುದಿಲ್ಲ ಅನ್ನುವುದಕ್ಕೆ ನಮ್ಮಲ್ಲೇ ಚೆಂದದ ಸಾಕ್ಷಿ ಇದೆ. 1833ರಲ್ಲಿ ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಸಿಸಿಲಿ ದ್ವೀಪದಲ್ಲಿ ಜ್ವರ ಬಂದು ಬದುಕಿದ್ದೇ ಹೆಚ್ಚು ಎನ್ನುವಂತಾಗಿ, ಊರಿಗೆ ಮರಳುವ ಹಡಗಿನಲ್ಲಿ ಒಂದು ಪ್ರಾರ್ಥನೆ ಬರೆದರು. ಅದು 'ಲೀಡ್', ಅಂದರೆ ನಡೆಸು, ಅನ್ನುವ ಕ್ರಿಯಾಪದದಿಂದಲೇ ಶುರುವಾಗುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ.ಶ್ರೀ. ಅದನ್ನು ಕನ್ನಡಕ್ಕೆ ತಂದಾಗ ಏನು ಮಾಡಿದರು? 'ಕರುಣಾಳು, ಬಾ, ಬೆಳಕೆ' ಅಂತ ಮೊದಲು ಬೆಳಕನ್ನು ಕರೆದರು. 'ಮುಸುಕಿದೀ ಮಬ್ಬಿನಲಿ' ಅಂತ ಕತ್ತಲನ್ನು ಸುತ್ತ ಹರಡಿದರು. ಕೊನೆಗೆ 'ಕೈಹಿಡಿದು ನಡೆಸೆನ್ನನು' ಅಂದರು. ಇಂಗ್ಲಿಷಿನ ಮೊದಲ ಪದ ಕನ್ನಡದಲ್ಲಿ ಕೊನೆಗೆ ಬಂತು. ಕೈ ಹಿಡಿಯುವ ಮಾತು ಮೂಲದ ಆ ಸಾಲುಗಳಲ್ಲಿ ಇಲ್ಲವೇ ಇಲ್ಲ. ಆದರೆ ಕತ್ತಲಲ್ಲಿ ಇನ್ನೊಬ್ಬರನ್ನು ನಡೆಸುವಾಗ ನಮ್ಮವರು ಕೈ ಹಿಡಿಯುತ್ತಾರೆ. ಮಕ್ಕಳಿಗೆ ಈ ಹಾಡು ಬಾಯಿಪಾಠ. ಇಂಗ್ಲಿಷ್ ಮೂಲವನ್ನು ಬೋರ್ಡಿನ ಮೇಲೆ ಬರೆದಾಗ ಒಬ್ಬಳು 'ಲೀಡ್' ಮೇಲೆ ಸೀಸ ಅಂತ ಬರೆದುಕೊಂಡಳು. ರಸಾಯನಶಾಸ್ತ್ರದ ಪುಸ್ತಕದಲ್ಲಿ ಆ ಅಕ್ಷರಗಳಿಗೆ ಅದೇ ಅರ್ಥ. ಅವಳು ನೋಡಿದ್ದು ಪದವನ್ನು ಮಾತ್ರ.

ಹಾಗಾದರೆ ಓದುವುದು ಹೇಗೆ? ಮಕ್ಕಳಿಗೆ ಇದು ಗೊತ್ತಿದೆ, ಕನ್ನಡ ತರಗತಿಯಲ್ಲೇ ಕಲಿತಿದ್ದಾರೆ. ಕುಮಾರವ್ಯಾಸನ ಪದ್ಯ ಬಂದಾಗ ಕನ್ನಡ ಮೇಷ್ಟ್ರು ಅನ್ವಯ ಮಾಡಿಸುತ್ತಾರೆ. ಯಾರು, ಯಾರಿಗೆ, ಏನು ಮಾಡಿದರು ಅಂತ ಪದಗಳನ್ನು ಜೋಡಿಸಿಕೊಂಡ ಮೇಲೆ ತಾತ್ಪರ್ಯ. ಅದನ್ನೇ ಇಲ್ಲೂ ಮಾಡಿ. ಮೊದಲು ಕ್ರಿಯಾಪದ ಹುಡುಕಿ. ಅದರ ಕೈ ಹಿಡಿದು ಉಳಿದವರನ್ನು ಹುಡುಕಿ. ಆಮೇಲೂ ಒಂದು ಪದ ಅಡ್ಡ ಬಂದರೆ ನಿಘಂಟು ತೆಗೆಯಿರಿ, ಅಲ್ಲಿರುವ ಐದಾರು ಅರ್ಥಗಳಲ್ಲಿ ಈ ಸಾಲಿಗೆ ಯಾವುದು ಒಗ್ಗುತ್ತದೆ ನೋಡಿ.

ಅದಕ್ಕೂ ಮೊದಲು ಒಮ್ಮೆ ಗಟ್ಟಿಯಾಗಿ ಓದಿ. ನನ್ನ ಒಬ್ಬ ವಿದ್ಯಾರ್ಥಿಯ ಅಜ್ಜ ಗಮಕ ಹಾಡುವವರು. ಅಜ್ಜ ಅರ್ಥವನ್ನು ಯಾವಾಗ ಹೇಳುತ್ತಾರೆ ಅಂತ ಕೇಳಿದೆ. "ಪದ್ಯ ಪೂರ್ತಿ ವಾಚನ ಆದ್ಮೇಲೆ ಮೇಡಂ. ಮಧ್ಯ ನಿಲ್ಲಿಸೋದೇ ಇಲ್ಲ." ಆ ಹುಡುಗನಿಂದಲೇ ಯೇಟ್ಸ್ ಪದ್ಯ ಓದಿಸಿದೆ. ಉಚ್ಚಾರಣೆ ಅಲ್ಲಲ್ಲಿ ತಪ್ಪಿತು, ಉಸಿರು ನಿಲ್ಲಬೇಕಾದ ಕಡೆಯೇ ನಿಂತಿತು.

ಒಂದು ಎಚ್ಚರಿಕೆ. ಅಕ್ಷರ ಕೂಡಿಸಿ ಓದುವುದಕ್ಕೇ ತಡವರಿಸುವ ಮಕ್ಕಳು ಪ್ರತಿ ತರಗತಿಯಲ್ಲೂ ಕೆಲವರಿದ್ದಾರೆ. ಅವರಿಗೆ ಪದದ ಅರ್ಥ ಊರುಗೋಲು. ಅದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಅಂಥವರಿಗೆ ಬೇರೆ ಸಹಾಯ, ಜಾಸ್ತಿ ಸಮಯ ಬೇಕು. ಹೀಗೆ ಓದಿದರೆ ಇಷ್ಟೇ ಅಂಕ ಬರುತ್ತದೆ ಅಂತಲೂ ನಾನು ಮಾತು ಕೊಡಲಾರೆ.

ಕಳೆದ ವರ್ಷ ಒಬ್ಬಳ ತಂದೆ ಬಂದಿದ್ದರು, ಆಟೋ ಓಡಿಸುವವರು. "ನಂಗೆ ಇಂಗ್ಲಿಷ್ ಬರಲ್ಲ ಮೇಡಂ, ಮನೇಲಿ ಹೇಳ್ಕೊಡೋರಿಲ್ಲ. ನೀವೇ ಅರ್ಥ ಬರೆಸಿಕೊಡಿ" ಅಂದರು. ನೀವು ಕಲಿಸುವುದು ಬೇಡ, ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಅವಳು ಓದುವುದನ್ನು ಕೇಳಿಸಿಕೊಳ್ಳಿ ಅಂದೆ. ಎಲ್ಲಿ ತಡೆದು ನಿಂತಳೋ ಅಲ್ಲಿ ಒಂದು ಚುಕ್ಕೆ ಇಡಿಸಿ. ಅವರು ಹೂಂ ಅಂದರು, ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಮುಂದಿನ ಸೋಮವಾರ ಅವಳು ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಪುಟದಲ್ಲಿ ಕನ್ನಡ ಒಂದಕ್ಷರವೂ ಇರಲಿಲ್ಲ. ನಾಲ್ಕು ಚುಕ್ಕೆಗಳಿದ್ದವು, ಮೂರನೆಯದು ಸ್ವಲ್ಪ ದಪ್ಪ. "ಇದು ಅಪ್ಪ ಇಟ್ಟಿದ್ದು ಮೇಡಂ" ಅಂದಳು. ಅವತ್ತಿನ ಪಾಠ ಆ ಸಾಲಿನಿಂದಲೇ ಶುರು ಮಾಡಿದೆವು.